ನೂರಕ್ಕೆ ನೂರು ಫಲಿತಾಂಶ

ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ರಶ್ಮಿತಾ ಸುಮ್ಮನೆ ಕೂತವಳೇ ಅಲ್ಲ. ಕುರಿಮರಿಗಳ ಸುದ್ದಿ, ಗೆಳತಿಯರ ಜಗಳ, ಎಲ್ಲವನ್ನೂ ಅವ್ವ ಯರ್ರಮ್ಮನಿಗೆ ಒಪ್ಪಿಸುತ್ತಿದ್ದಳು. ಒಂಬತ್ತನೇ ತರಗತಿಯ ಗಣಿತವೊಂದು ಮಾತ್ರ ಅವಳಿಗೆ ಒಲಿದಿರಲಿಲ್ಲ.

ಏಪ್ರಿಲ್‌ನಲ್ಲಿ ಪರಶುರಾಂಪುರದ ಆ ಖಾಸಗಿ ಶಾಲೆಯ ಹೆಡ್‌ಮಾಸ್ಟರ್ ತಿಪ್ಪೇರುದ್ರಪ್ಪ ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಎಲ್ಲರೆದುರು ನಿಲ್ಲಿಸಿ, "ಇಂಥವರಿಂದಲೇ ಶಾಲೆ ಹೆಸರು ಹಾಳು" ಎಂದರು. ಮಧ್ಯಾಹ್ನ ಟಿಸಿ ಕೈಗಿತ್ತರು. ಹತ್ತನೇ ತರಗತಿಯ ಫಲಿತಾಂಶ ಕೆಡಬಾರದೆಂದು ಕಡಿಮೆ ಅಂಕದವರನ್ನು ಒಂಬತ್ತರಲ್ಲೇ ಹೊರಹಾಕುವುದು ಅಲ್ಲಿಯ ಪದ್ಧತಿ. ಶಾಲೆಯ ಗೋಡೆಯ ಮೇಲಿನ ಅಂಕಿ ಕಂಡು ಹಿಗ್ಗುವ ನಮಗೆ ಇದು ತಿಳಿಯುವುದೇ ಇಲ್ಲ.

"ದೊಡ್ಡೋರು ಹೇಳಿದ್ಮೇಲೆ ಮುಗೀತು. ಹೆಣ್ಣುಡುಗಿ, ಓದಿ ಏನಾಗ್ಬೇಕೈತೆ?" ಎಂದ ಯರ್ರಮ್ಮನ ಗಂಡ ಸಣ್ಣತಿಮ್ಮಪ್ಪ.

ರಶ್ಮಿತಾ ಮಾತು ಬಿಟ್ಟಳು. ಊಟ ಬಿಟ್ಟಳು. ಕೂತಲ್ಲೇ ತಲೆಗೂದಲನ್ನು ಕಿತ್ತುಕೊಳ್ಳತೊಡಗಿದಳು. ಬಾಚಲು ಹೋದಾಗ ಬೆರಳಿಗೆ ಬರೀ ನೆತ್ತಿ ತಾಕಿದ ದಿನವೇ ಯರ್ರಮ್ಮ ಮಗಳನ್ನು ಚಳ್ಳಕೆರೆಯ ಆಸ್ಪತ್ರೆಗೆ ಕರೆದೊಯ್ದಳು.

"ಹುಡುಗಿ ದಡ್ಡಿ ಅಲ್ಲಮ್ಮ," ಎಂದಳು ಅಲ್ಲಿಯ ಆಪ್ತ ಸಮಾಲೋಚಕಿ ಸುನಿತಾ. "ನೀನು ಬೇಡ ಅಂತ ಎಲ್ರೆದುರು ಅನ್ನಿಸ್ಕೊಂಡ ಮಗು ಇದು. ನಾವು ವಾಸಿ ಮಾಡ್ತೀವಿ. ಆದ್ರೆ ಅಂದೋರನ್ನ ಯಾರೂ ಕೇಳ್ದಿದ್ರೆ ಇಂಥ ಮಕ್ಕಳು ಬರ್ತಾನೇ ಇರ್ತಾರೆ."

ಯರ್ರಮ್ಮ ಅಳುತ್ತ ಕೂರಲಿಲ್ಲ. ಈರುಳ್ಳಿ ಕೂಲಿ ಬಿಟ್ಟು ಹಳ್ಳಿ ಹಳ್ಳಿ ತಿರುಗಿ, ಕಳೆದ ಎರಡು ವರ್ಷದಲ್ಲಿ ಹಾಗೆ ಹೊರಬಿದ್ದ ಮಕ್ಕಳ ಮನೆಗಳನ್ನು ಹುಡುಕಿದಳು. ಮಗಳೂ ಸೇರಿ ಒಂಬತ್ತು ಮಕ್ಕಳು. ಕೊನೆಯದು ಹುಚ್ಚಕ್ಕನ ಮನೆ. ಅಲ್ಲಿ ಮಗ ದುರುಗೇಶನ ಫೋಟೋಗೆ ಹಾರ ಹಾಕಿತ್ತು. ಟಿಸಿ ತಂದ ಮೂರನೇ ದಿನ ಅವನು ಜೀವ ಕಳೆದುಕೊಂಡಿದ್ದ.

ಜೂನ್‌ನಲ್ಲಿ ನೂರಕ್ಕೆ ನೂರು ಫಲಿತಾಂಶ ತಂದ ಹೆಡ್‌ಮಾಸ್ಟರಿಗೆ ಸನ್ಮಾನ. ಶಾಲು ಹೊದಿಸುವ ಹೊತ್ತಿಗೆ ಒಂಬತ್ತು ತಾಯಂದಿರು ವೇದಿಕೆ ಹತ್ತಿದರು. ಯರ್ರಮ್ಮ ಮೈಕು ಕಿತ್ತುಕೊಂಡಳು.

"ನನ್ ಮಗಳನ್ನ ಎಲ್ರ ಮುಂದೆ ನಿಲ್ಸಿದ್ರಲ್ಲ, ಈಗ ನೀವು ಎದ್ ನಿಂತ್ಕಳ್ರಿ."

"ಏನಮ್ಮ ಇದು? ಶಾಲೆ ಒಳ್ಳೇದಕ್ಕೆ..."

"ನೀವು ಹೊರಗಾಕಿದ್ ಮಕ್ಕಳ ಹೆಸ್ರು ಈ ಚೀಟಿನಾಗೈತೆ. ಓದ್ರಿ!"

"ಓದಿ," ಎಂದರು ಅತಿಥಿಯಾಗಿ ಬಂದಿದ್ದ ಶಿಕ್ಷಣಾಧಿಕಾರಿ, ಮುಖ ಗಂಟಿಕ್ಕಿ.

ತಿಪ್ಪೇರುದ್ರಪ್ಪ ಚೀಟಿ ಹಿಡಿದು ಓದಿದರು. ಕೊನೆಯ ಹೆಸರಿಗೆ ದನಿ ಇಳಿದುಹೋಯಿತು. ದುರುಗೇಶ್. ಹುಚ್ಚಕ್ಕ ಮಿಸುಕಲಿಲ್ಲ.

"ಇನ್ನೊಂದ್ಸಲ ಓದ್ರಿ," ಎಂದಳು ಯರ್ರಮ್ಮ. "ಅವ್ರವ್ವಂಗೆ ಕೇಳ್ಲಿಲ್ಲ."