ಊಟವಾದ ಮೇಲೆ ಮೂಕವಾಗುವ ಕಂಪ್ಯೂಟರು

ನನಗೆ ಕಣ್ಣು ಕಾಣುವುದಿಲ್ಲ, ಬಾಯಿಗೇನೂ ಕಮ್ಮಿಯಿಲ್ಲ. ಹಂಗಾರಕಟ್ಟೆಯ ದೋಣಿಗಾರರ ಸಂಘದಲ್ಲಿ ಪತ್ರ ಟೈಪು ಮಾಡುವ ಕೆಲಸ ನನ್ನದು. ಅಲ್ಲಿಯ ಲಿನಕ್ಸ್ ಕಂಪ್ಯೂಟರು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಬೆಳಿಗ್ಗೆ ಲಾಗಿನ್ ಆದೊಡನೆ ಆ ಧ್ವನಿ ತಾನಾಗಿ ಶುರುವಾಗುವಂತೆ ನಾನೇ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ನಾಲ್ಕು ಸಾಲಿನ ಆದೇಶ, ಬರೆದಿಟ್ಟಿದ್ದೆ.

ತೊಂದರೆ ಇದ್ದದ್ದು ಮಧ್ಯಾಹ್ನ. ಗಂಜಿ ಉಂಡು ಇಡೀ ಆಫೀಸು ತೂಕಡಿಸುತ್ತದೆ, ಕಂಪ್ಯೂಟರೂ ನಿದ್ದೆ ಹೋಗುತ್ತದೆ. ಎಬ್ಬಿಸಿದರೆ ಪರದೆ ಬರುತ್ತದಂತೆ, ಧ್ವನಿ ಬರುವುದಿಲ್ಲ. ಹೊಸದಾಗಿ ಲಾಗಿನ್ ಆದರೆ ಅರ್ಧ ಟೈಪಾದ ಪತ್ರ ಹೋಯಿತೆಂದೇ ಲೆಕ್ಕ. ಹಾಗಾಗಿ ದಿನಾ ಕಾರ್ಯದರ್ಶಿ ಪ್ರೇಮಾನಂದರು ಎದ್ದು ಬಂದು ಧ್ವನಿ ಶುರು ಮಾಡಿಕೊಡಬೇಕು.

“ದಿನಾ ನಾನ್ ಏಳುಕೆ ಆತಿಲ್ಲೆ ಸುಗುಣ,” ಎಂದರು ಒಂದು ದಿನ. “ನೀನ್ ಫೋನ್ ಎತ್ತುಕೆ ಕೂಕೋ. ಈ ಕುರ್ಚಿಗೆ ಬೇರೆಯವ್ರನ್ನ ಹಾಕುವ. ನಾಳೆ ಅಧ್ಯಕ್ಷರ ಹತ್ರ ಹೇಳ್ತೆ.”

ನನಗೆ ಮೈಯೆಲ್ಲ ಉರಿಯಿತು. “ಹೇಳಿ. ಊಟ ಆದ್ಮೇಲೇ ಹೇಳಿ,” ಎಂದೆ.

ಅವರು ಹೋದ ಮೇಲೆ ಕುಳಿತು ಯೋಚಿಸಿದೆ. ನಿದ್ದೆಯಿಂದ ಏಳುವಾಗ ಯಾರೂ ಲಾಗಿನ್ ಆಗುವುದಿಲ್ಲ. ಮತ್ತೆ ನನ್ನ ಸ್ಕ್ರಿಪ್ಟ್ ಓಡುವುದಾದರೂ ಹೇಗೆ? ಎದ್ದಾಗ ಓಡಬೇಕಾದ ಸ್ಕ್ರಿಪ್ಟುಗಳಿಗೆ ಬೇರೆಯೇ ಫೋಲ್ಡರಿದೆ. ಹುಡುಕಿ ಅಲ್ಲಿ ಒಂದು ಬರೆದಿಟ್ಟೆ. ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದರೆ ಮತ್ತೆ ಮೂಕ. ಲಾಗಿನ್ ಆಗಿ ನೋಡಿದರೆ, ಆ ಫೈಲಿಗೆ ಓಡುವ ಅನುಮತಿಯನ್ನೇ ಕೊಟ್ಟಿರಲಿಲ್ಲ. ಕೊಟ್ಟೆ. ಆಮೇಲೆ, ಸಿಟ್ಟಿನಲ್ಲೇ, ಅದಕ್ಕೆ ಇನ್ನೊಂದು ಸಾಲು ಸೇರಿಸಿದೆ.

ಮರುದಿನ ಊಟವಾಯಿತು. ಅಧ್ಯಕ್ಷ ಪಾಂಡು ಖಾರ್ವಿಯವರು ನನ್ನ ಮೇಜಿನ ಪಕ್ಕ ಬಂದು ನಿಂತರು. “ಕಾಣಿ, ಈಗ ಮತ್ತೆ ನಾನೇ ಏಳ್ಕ್,” ಎಂದು ಪ್ರೇಮಾನಂದರು ಕುರ್ಚಿ ಹಿಂದಕ್ಕೆ ತಳ್ಳಿದ್ದು ಕೇಳಿಸಿತು. ನಾನು ಇಯರ್‌ಫೋನ್ ಕಿತ್ತು, ಮಲಗಿದ್ದ ಕಂಪ್ಯೂಟರಿನ ಒಂದು ಕೀ ಒತ್ತಿದೆ. ಫ್ಯಾನು ಗುಂಯ್ ಎಂದಿತು. ಮತ್ತೇನೂ ಇಲ್ಲ.

ಅಷ್ಟರಲ್ಲಿ ಸ್ಪೀಕರಿನಿಂದ ಗಟ್ಟಿಯಾಗಿ ಬಂತು: “ಹ್ವಾಯ್, ನಾನ್ ಎದ್ದೆ. ಪ್ರೇಮಾನಂದರು ಏಳುದ್ ಬ್ಯಾಡ.”

ಅಧ್ಯಕ್ಷರು ನಕ್ಕುಬಿಟ್ಟರು. ಧ್ವನಿ ನಾನು ಅರ್ಧ ಬಿಟ್ಟಿದ್ದ ಪತ್ರ ಓದತೊಡಗಿತು. ನಾನು ಮುಂದಿನ ಸಾಲು ಟೈಪು ಮಾಡತೊಡಗಿದೆ.

ಆಚೆ ಮೇಜಿನಲ್ಲಿ ಫೋನು ಹೊಡೆದುಕೊಂಡಿತು. ನಾನು ಏಳಲಿಲ್ಲ. ಅದು ಇನ್ನೂ ಸ್ವಲ್ಪ ಹೊತ್ತು ಹೊಡೆದುಕೊಂಡಿತು. ಆಮೇಲೆ ಪ್ರೇಮಾನಂದರೇ ಎದ್ದು ಹೋಗಿ ಎತ್ತಿದರು.