ಭಾನುವಾರದ ಅಪ್ಪ

“ಲಾಯರ್ ಇಕ್ಕೊಳ್ಳೋಕೆ ಗತಿಯಿಲ್ಲ, ಈ ಕೇರಿ ನನ್ಮಗನಿಗೆ ಮಗಳು ಬೇಕಂತೆ!”

ಕೆಜಿಎಫ್ ಕೋರ್ಟಿನ ವರಾಂಡದಲ್ಲಿ ರಾಮಚಂದ್ರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಅಳಿಯ ಮುನೀಂದ್ರ ಬಂಗಾರಪೇಟೆಯಲ್ಲಿ ಸಿಮೆಂಟ್ ಮೂಟೆ ಹೊರುವವನು. ಜಾತಿ ಮೀರಿ ಅವನನ್ನು ಮದುವೆಯಾಗಿದ್ದ ರಾಮಚಂದ್ರಪ್ಪನ ಮಗಳು ಸುಮಲತ ಜಗಳವಾಡಿ, ಮಗುವನ್ನೂ ಕರೆದುಕೊಂಡು ತವರಿಗೆ ಹೋದಳು. ಅಂದಿನಿಂದ ಮುನೀಂದ್ರನಿಗೆ ಮಗಳು ಅರ್ಚನಳ ಮುಖ ನೋಡಲು ಮಾವ ಬಿಟ್ಟಿರಲಿಲ್ಲ. ತನ್ನ ವಾದ ತಾನೇ ಮಾಡುತ್ತೇನೆಂದು ಮುನೀಂದ್ರ ಬಂದಿದ್ದ. ಮೈಮೇಲೆ ಗೆಳೆಯನ ಬ್ಯಾಂಡ್‌ಸೆಟ್ಟಿನ ಕೆಂಪು ಕೋಟು.

“ಏನ್ರೀ ಇದು ವೇಷ?” ಎಂದರು ಜಡ್ಜಮ್ಮ.

“ವಾದ ಮಾಡೋರ್ಗೆ ಕೋಟಿರ್ಬೇಕು ಅಂದ್ರು ತಾಯಿ. ಕರೀದು ಸಿಗಲಿಲ್ಲ.”

ಮಾವನ ವಕೀಲರು ಎದ್ದರು. ಈತನದು ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆ, ಒಂದೇ ಕೋಣೆ, ಬಾಗಿಲಲ್ಲೇ ಹಂದಿ. ಅಲ್ಲಿ ಮಗು ಕೆಟ್ಟುಹೋಗುತ್ತದೆ ಎಂದರು.

“ಅಬ್ಜೆಕ್ಷನ್!”

“ಏನು ಆಕ್ಷೇಪಣೆ?”

“ಅಂದಿ ನಮ್ದಲ್ಲ ತಾಯಿ. ಪಕ್ಕದ್ಮನೇದು.”

ಜಡ್ಜಮ್ಮ ಕೆಮ್ಮಿ ನಗು ನುಂಗಿದರು. ರಾಮಚಂದ್ರಪ್ಪ ಕಟಕಟೆ ಹತ್ತಿದ. ಪ್ರಶ್ನೆ ಕೇಳುವ ಸರದಿ ಮುನೀಂದ್ರನದು.

“ಚೆನ್ನಾಗಿದ್ದೀರಾ ಮಾವ?”

“ನಾನ್ಯಾವ ಮಾವನ್ಲಾ ನಿಂಗೆ!”

“ನನ್ನ ನಿಮ್ಮನೆಯೊಳಕ್ಕೆ ಬಿಟ್ಕೊಳ್ಳಲ್ಲ, ಯಾಕೆ?”

“ಮೈಲಿಗೆ ಕಣ್ಲಾ!”

ವಕೀಲರು ತಲೆ ಹಿಡಿದುಕೊಂಡರು.

“ಅರ್ಚನ ಅರ್ಧ ನಂದು, ಅರ್ಧ ನಿಮ್ಮಗಳ್ದು. ಯಾವರ್ಧನ ಒಳಕ್ಕೆ ಬಿಟ್ಕೊಂಡಿದ್ದೀರ ಮಾವ?”

ಪ್ರತಿ ಭಾನುವಾರ ಮಧ್ಯಾಹ್ನ, ಮಗುವಿರುವ ಮನೆಯಲ್ಲೇ ಭೇಟಿ ಎಂದು ಆದೇಶವಾಯಿತು.

ಭಾನುವಾರ ರಾಮಚಂದ್ರಪ್ಪ ಅಳಿಯನಿಗೆ ದನದ ಕೊಟ್ಟಿಗೆ ತೋರಿಸಿದ. “ಇದೂ ನಮ್ಮನೇನೇ. ಇಲ್ಲೇ ಬಿದ್ದಿರ್ಲಾ. ಒಸ್ಲು ದಾಟಿದ್ರೆ ಕಾಲು ಮುರೀತೀನಿ.”

ಎಮ್ಮೆಯೊಂದು ಮುನೀಂದ್ರನ ಅಂಗಿ ಜಗಿಯತೊಡಗಿತು. ಅಷ್ಟರಲ್ಲಿ ಅರ್ಚನ ಓಡಿ ಬಂದಳು.

“ಅಪ್ಪಾ, ಕುದುರೆ ಆಗು!”

ಸಗಣಿಯ ನಡುವೆಯೇ ಅವನು ಕೈಯೂರಿ ಬಗ್ಗಿದ. ಬೆನ್ನೇರಿದ ಮಗಳು ಕಿವಿ ಹಿಂಡಿ ಮನೆಯ ಕಡೆಗೆ ತಿರುಗಿಸಿದಳು. ಕುದುರೆ ಅಂಗಳ ದಾಟಿತು, ಮೆಟ್ಟಿಲು ಹತ್ತಿತು, ಹೊಸ್ತಿಲೂ ದಾಟಿತು.

“ನಿಲ್ಲಲೇ ಬೋಳಿಮಗ್ನೇ!”

“ನನ್ನೇನ್ ಕೇಳ್ತೀರ ಮಾವ, ಮೇಲೆ ಕುಂತೋಳ್ನ ಕೇಳಿ,” ಎಂದು ಮುನೀಂದ್ರ ಕೆನೆದ.

ಎಳೆದು ಹಾಕಲು ರಾಮಚಂದ್ರಪ್ಪ ಕೈ ಚಾಚಿದ. ಎಳೆಯಬೇಕಾದರೆ ಮುಟ್ಟಬೇಕು. ಕೈ ಹಿಂದಕ್ಕೆ ಬಂತು. ಮತ್ತೆ ಚಾಚಿದ, ಮತ್ತೆ ಹಿಂದಕ್ಕೆ. ಬಾಗಿಲಲ್ಲಿದ್ದ ಸುಮಲತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗೆ ಭುಜಗಳು ಕುಣಿಯುತ್ತಿದ್ದವು.

ಸವಾರಿ ಅಡುಗೆಮನೆಯಲ್ಲಿ ನಿಂತಿತು. “ಕುದುರೆಗೆ ಬಾಯಾರಿಕೆ,” ಎನ್ನುತ್ತ ಅರ್ಚನ ಜಾರಿ ಇಳಿದು, ತಾತನ ಬೆಳ್ಳಿ ಲೋಟದಲ್ಲಿ ನೀರು ತಂದಳು.

ಮುನೀಂದ್ರ ಎರಡು ಕಾಲ ಮೇಲೆ ನೆಟ್ಟಗೆ ಎದ್ದು ನಿಂತ. ಮಾವನನ್ನೇ ನೋಡುತ್ತ, ಲೋಟ ಕಚ್ಚಿ ಕುಡಿದ.

“ಇನ್ನೊಂದ್ಲೋಟ ಕೊಡಮ್ಮ,” ಎಂದ.