ಚೆಂಡು ಉಜ್ಜುವವನು

ಐದು ಚೀಟಿಗಳಲ್ಲಿ ನಾಲ್ಕು ಆಗಲೇ ಸ್ಟೀಲ್ ತಟ್ಟೆಗೆ ಬಿದ್ದಿದ್ದವು. ಐದನೆಯದು ಇನ್ನೂ ನಿತ್ಯಾನಂದನ ಕೈಯಲ್ಲೇ ಇತ್ತು.

"ಬೇಗ ಬರಿ ಮಾರಾಯ, ಬನ್ಸ್ ತಣ್ಣಗಾಗ್ತದೆ," ಎಂದ ಕ್ಯಾಪ್ಟನ್ ಸರ್ವೋತ್ತಮಣ್ಣ. "ವಿಲ್ಲಿ ನಮಗೆ ಬೇಕಾದ್ರೆ ಬೋಡು, ಬೇಡದಿದ್ರೆ ಬೊಡ್ಚಿ. ಅದರಲ್ಲಿ ಅಷ್ಟು ಆಲೋಚನೆ ಮಾಡ್ಲಿಕ್ಕೆ ಎಂತ ಉಂಟು?"

ಜೆಪ್ಪುವಿನ ಆ ಕ್ರಿಕೆಟ್ ಕ್ಲಬ್ಬಿನ ಲೆಟರ್‌ಹೆಡ್ಡು ಇಂಗ್ಲಿಷಿನದು, ನಡಾವಳಿ ಪುಸ್ತಕ ಕನ್ನಡದ್ದು, ಒಳಗಿನ ಮಾತು ಮಾತ್ರ ತುಳುವಿನದು. ಕೈ ಎತ್ತಲು ಸಂಕೋಚವಾಗುವ ಸಂಗತಿಗಳಿಗೆಲ್ಲ ಅಲ್ಲಿ ಬೋಡು, ಬೊಡ್ಚಿ ಚೀಟಿಯೇ ಗತಿ. ಪಿಚ್ಚಿಗೆ ಹಾಸುವ ಹೊಸ ತೆಂಗಿನ ನಾರಿನ ಮ್ಯಾಟ್ ಬೇಕೋ ಬೇಡವೋ, ಪಂದ್ಯದ ದಿನ ಊಟಕ್ಕೆ ಕೋಳಿ ಬೇಕೋ ಬೇಡವೋ ಎಂಬುದೆಲ್ಲ ಹೀಗೆಯೇ ಇತ್ಯರ್ಥವಾಗಿತ್ತು. ಎಪ್ಪತ್ತೊಂಬತ್ತರ ಆ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯನ ಸರದಿ ಬಂದಿತ್ತು.

ಕಂಕನಾಡಿಯ ಕ್ಲಬ್ಬಿನವರು ವಿಲ್ಲಿಯನ್ನು ಕೇಳಿದ್ದರು. ಬದಲಿಗೆ ತಮ್ಮ ಆರಂಭದ ಬ್ಯಾಟ್ಸ್‌ಮನ್ ಗುಣಪಾಲನನ್ನು ಕೊಡುತ್ತೇವೆಂದಿದ್ದರು. ಜೆಪ್ಪುವಿನಲ್ಲಿ ನಿಂತು ರನ್ನು ಹೊಡೆಯುವವರಿಲ್ಲ, ನಿಜ. ವಿಲ್ಲಿಯ ಮೊಣಕಾಲು ಆಗಾಗ ಊದಿಕೊಳ್ಳುತ್ತದೆ, ಅದೂ ನಿಜ. ಆದರೆ ಒಂಬತ್ತು ವರ್ಷ ಹೊಸ ಚೆಂಡು ಹಿಡಿದು ಎದುರಾಳಿಗಳ ನಿದ್ದೆ ಕೆಡಿಸಿದವನೂ ಅವನೇ. ಅವನು ಹೇಳಿ ಕಳಿಸಿದ್ದು ಒಂದೇ ಮಾತು: "ನಿಮಗೆ ಬೇಕಾದ್ರೆ ನಾನು ಎಲ್ಲಿಗೂ ಹೋಗುದಿಲ್ಲ."

ಆ ಒಂಬತ್ತು ವರ್ಷವೂ ನಿತ್ಯಾನಂದ ಎರಡನೆಯ ಬೌಲರು. ಕಡಲ ಗಾಳಿ ವಿಲ್ಲಿಯ ಬೆನ್ನಿಗೆ, ನಿತ್ಯಾನಂದನ ಮುಖಕ್ಕೆ. ಸಾಲದ್ದಕ್ಕೆ ಚೆಂಡು ಉಜ್ಜುವ ಕೆಲಸವೂ ಅವನದೇ. ನಾರಿನ ಮ್ಯಾಟು ಚೆಂಡಿನ ಹೊಳಪನ್ನು ತಿಂದುಹಾಕುತ್ತದೆ; ಮಿಡ್‌ಆಫಿನಲ್ಲಿ ನಿಂತು, ಉಗುಳು ಹಚ್ಚಿ, ಒಂದೇ ಮಗ್ಗುಲನ್ನು ತೊಡೆಗೆ ಉಜ್ಜಿ ಉಜ್ಜಿ ಅವನು ಅದನ್ನು ಉಳಿಸುತ್ತಿದ್ದ. ಆ ಹೊಳಪಿನಿಂದಲೇ ವಿಲ್ಲಿಯ ಚೆಂಡು ಗಾಳಿಯಲ್ಲಿ ಹೊರಳುತ್ತಿತ್ತು. ಮರುದಿನದ ಪತ್ರಿಕೆಯಲ್ಲಿ ವಿಲ್ಲಿಯ ಹೆಸರು ಬರುತ್ತಿತ್ತು, ನಿತ್ಯಾನಂದನ ಪಾಲಿಗೆ ಬರುತ್ತಿದ್ದದ್ದು ಪ್ಯಾಂಟಿನ ಕೆಂಪು ಕಲೆ. ಹೆಂಡತಿ ಆಶಾಲತಾ ಆ ಕಲೆಯನ್ನು ಸೋಪು ಹಚ್ಚಿ ತಿಕ್ಕುತ್ತಲೇ, "ವಿಲ್ಲಿಯವರು ಓಡಿ ಬರುದು ನೋಡ್ಲಿಕ್ಕೆ ಎಷ್ಟು ಚಂದ ಅಲ್ವಾ?" ಎಂದಿದ್ದಳು ಒಮ್ಮೆ. ಅಂದು ಅವನಿಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟುಕೊಳ್ಳಲು ಅವನು ತುಂಬ ಪ್ರಯತ್ನಪಟ್ಟ. ಕ್ಲಬ್ಬಿನ ಹಿತ ಎಂದ, ಮೊಣಕಾಲು ಎಂದ. ಒಂದೂ ನಾಟಲಿಲ್ಲ.

ಚೀಟಿಯಲ್ಲಿ ಎರಡೇ ಅಕ್ಷರ ಬರೆದು ಮಡಚಿ ಹಾಕಿದ.

ಎರಡು ಬೋಡು, ಎರಡು ಬೊಡ್ಚಿ. ಕೊನೆಯದನ್ನು ಬಿಡಿಸಿದ ಸರ್ವೋತ್ತಮಣ್ಣ ನಿತ್ಯಾನಂದನ ಕಡೆ ಒಮ್ಮೆ ನೋಡಿದ. ಸಮಿತಿಯ ಆ ಐವರಲ್ಲಿ ಒಬ್ಬರ ಅಕ್ಷರ ಇನ್ನೊಬ್ಬರಿಗೆ ಗೊತ್ತಿಲ್ಲದ್ದೇನಲ್ಲ. "ಬೊಡ್ಚಿ," ಎಂದು ಓದಿ, ಆ ಒಂದು ಚೀಟಿಯನ್ನು ಮಾತ್ರ ಕಿಸೆಗೆ ಹಾಕಿಕೊಂಡ.

ಕಾರ್ಯದರ್ಶಿಯಾದ್ದರಿಂದ ತೀರ್ಮಾನದ ಕಾಗದ ಮುಟ್ಟಿಸುವ ಕೆಲಸವೂ ನಿತ್ಯಾನಂದನ ತಲೆಗೇ ಬಂತು. ಬಂದರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ವಿಲ್ಲಿ, ಮೆಣಸಿನ ಮೂಟೆಗಳ ನಡುವೆ ನಿಂತು ಅದನ್ನು ಎರಡು ಸಲ ಓದಿದ.

"ನೀನು ಎಂತ ಬರೆದದ್ದು ನಿತ್ಯ?"

"ಬೋಡು," ಎಂದ ನಿತ್ಯಾನಂದ. ಮೆಣಸಿನ ಘಾಟಿಗೆ ಕೆಮ್ಮು ಬಂದದ್ದು ಒಳ್ಳೆಯದೇ ಆಯಿತು.

"ಅದು ಕೇಳ್ಲಿಕ್ಕೆ ಉಂಟಾ? ಸುಮ್ನೆ ಕೇಳಿದೆ ಮಾರಾಯ," ಎಂದು ವಿಲ್ಲಿ ಅವನ ಬೆನ್ನು ತಟ್ಟಿದ.

ಫೆಬ್ರವರಿಯಲ್ಲಿ ಜೆಪ್ಪುವಿಗೂ ಕಂಕನಾಡಿಗೂ ಪಂದ್ಯ ಬಿತ್ತು. ಹೊಸ ಚೆಂಡು ಕಡೆಗೂ ನಿತ್ಯಾನಂದನ ಕೈಗೆ ಬಂತು, ಗಾಳಿಯೂ ಬೆನ್ನಿಗೆ ಬಂತು. ಎರಡು ವಿಕೆಟ್ಟೂ ಸಿಕ್ಕವು. ಮರುದಿನ ಪತ್ರಿಕೆಯಲ್ಲಿ ಹೆಸರು ಬರಬಹುದೆಂದು ಎಣಿಸಿದಾಗ ಆಗಬೇಕಾದಷ್ಟು ಸಂತೋಷ ಯಾಕೋ ಆಗಲಿಲ್ಲ.

ಸಂಜೆ ಜೆಪ್ಪುವಿನ ಒಂಬತ್ತು ವಿಕೆಟ್ಟು ಉರುಳಿ, ಗೆಲ್ಲಲು ಆರು ರನ್ ಉಳಿದಿದ್ದಾಗ ನಿತ್ಯಾನಂದ ಕೊನೆಯವನಾಗಿ ಬ್ಯಾಟು ಹಿಡಿದು ಬಂದ. ಆಚೆ ತುದಿಯಲ್ಲಿ, ವಿಲ್ಲಿಯ ಬದಲಿಗೆ ಜೆಪ್ಪುವಿಗೆ ಬಂದ ಗುಣಪಾಲ ಆಡುತ್ತಿದ್ದ. ಈಚೆ ತುದಿಯಲ್ಲಿ, ವಿಲ್ಲಿ ಓಡಿಬರುವ ಕಡೆ, ಇವನು ನಿಂತ. ಮಿಡ್‌ಆಫಿನಲ್ಲಿ ಕಂಕನಾಡಿಯವನೊಬ್ಬ ವಿಲ್ಲಿಗಾಗಿ ಚೆಂಡು ಉಜ್ಜುತ್ತಿದ್ದ. ಎರಡೂ ಮಗ್ಗುಲು ಉಜ್ಜುತ್ತಿದ್ದ, ಪೆದ್ದ! ಅವನು ಹಲ್ಲುಕಿರಿಯುತ್ತ ಚೆಂಡನ್ನು ವಿಲ್ಲಿಗೆ ಎಸೆದ, ವಿಲ್ಲಿಯೂ ನಕ್ಕ. ನಿತ್ಯಾನಂದನ ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಭಗ್ಗೆಂದಿತು. ಈ ಸಲ ಅದು ವಿಲ್ಲಿಯ ಮೇಲಲ್ಲ, ಆ ಮಿಡ್‌ಆಫಿನವನ ಮೇಲೆ.

ಮುಂದಿನ ಎಸೆತವನ್ನು ಗುಣಪಾಲ ತಡೆದ. ಚೆಂಡು ಉರುಳಿ ಬಂದು ನಿತ್ಯಾನಂದನ ಕಾಲ ಬುಡದಲ್ಲಿ ನಿಂತಿತು. ಅವನು ಬಗ್ಗಿ ಎತ್ತಿಕೊಂಡ. ತಿರುಗಿಸಿ ಮಗ್ಗುಲು ನೋಡಿದ, ಉಗುಳು ಹಚ್ಚಿದ, ತೊಡೆಗೆ ಒತ್ತಿ ಬಲವಾಗಿ ಉಜ್ಜಿದ. ಒಂದಲ್ಲ, ಎಂಟು ಹತ್ತು ಸಲ. ಆಮೇಲೆ ಕೈ ಚಾಚಿ ವಿಲ್ಲಿಗೆ ಕೊಟ್ಟ.

"ಹೋಯ್ ನಿತ್ಯಾನಂದ, ನೀನು ಯಾವ ಟೀಮು ಮಾರಾಯ?" ಎಂದು ಅಂಪೈರ್ ಲೋಕನಾಥ ಕೂಗಿದ. ಮೈದಾನವೆಲ್ಲ ನಕ್ಕಿತು. ಗುಣಪಾಲ ನಗಲಿಲ್ಲ.

ವಿಲ್ಲಿಯೂ ನಗಲಿಲ್ಲ. ಚೆಂಡಿನ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದ. "ನಿನ್ನದು ಬೊಡ್ಚಿ ಅಂತ ಇಲ್ಲಿ ಕೆಲವರು ಹೇಳಿದ್ರು," ಎಂದ ಮೆಲ್ಲಗೆ. "ನಾನು ನಂಬ್ಲಿಲ್ಲ."

ತಿರುಗಿ ನಡೆದು, ಓಡಿ ಬಂದ. ನೋಡಲು ಚಂದವೇ ಇತ್ತು. ಚೆಂಡು ಗಾಳಿಯಲ್ಲಿ ಹೊರಳಿ ಒಳಬಂದು ಗುಣಪಾಲನ ನಡುವಿನ ಸ್ಟಂಪನ್ನು ಕಿತ್ತಿತು. ಕಂಕನಾಡಿಯವರು ಕೂಗುತ್ತ ಬಂದು ವಿಲ್ಲಿಯನ್ನು ಮುತ್ತಿಕೊಂಡರು. ಮಿಡ್‌ಆಫಿನವನು ಅವನ ಹೆಗಲಿಗೇ ಜೋತುಬಿದ್ದ.

ನಿತ್ಯಾನಂದ ಕ್ರೀಸಿನಲ್ಲೇ ನಿಂತಿದ್ದ. ಅಂಗೈ ತೊಡೆಯ ಮೇಲಿತ್ತು. ಅದರಡಿಯ ಕೆಂಪು ಕಲೆ ಇನ್ನೂ ಬೆಚ್ಚಗಿತ್ತು.